ಮೈಲಿಕಲ್ಲು ನಂಬಿ ಮುಚ್ಚಿದ ಹಗೇವು

ನಮ್ಮೂರಿನಲ್ಲಿ ಆಗಸ್ಟ್ ಹದಿನೈದಕ್ಕೆ ಬಾವುಟ ಏರಿದ ಮೇಲೆ ಮುದ್ದೆ ಊಟ. ಮಕ್ಕಳಿಗೆ ಪೆಪ್ಪರಮೆಂಟು ಕೊಡುವುದೂ ಉಂಟು, ಆದರೆ ಅದು ಶಾಲೆಯ ವ್ಯವಹಾರ. ಊರಿನ ವ್ಯವಹಾರ ಮುದ್ದೆಯದು. ಮನೆಗೊಂದು ಸೇರಿನಂತೆ ರಾಗಿಹಿಟ್ಟು ಬರುತ್ತದೆ, ಶಾಲೆಯ ಮುಂದಿನ ಹೊಂಗೆ ಮರದ ಕೆಳಗೆ ಒಲೆ ಹೂಡುತ್ತಾರೆ, ಒಂದೇ ಕೊಪ್ಪರಿಗೆಯಲ್ಲಿ ಊರಿಗೆಲ್ಲ ಬೇಯುತ್ತದೆ, ಹುರುಳಿಕಾಳಿನ ಸಾರಿನ ಜೊತೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ನುಂಗುತ್ತಾರೆ. ಸ್ವಾತಂತ್ರ್ಯ ಬಂದ ದಿನದಿಂದ ಇದು ತಪ್ಪಿಲ್ಲ. ಅಷ್ಟೇ ನಿಷ್ಠೆಯಿಂದ ತಪ್ಪದೆ ನಡೆದು ಬಂದ ಇನ್ನೊಂದು ಸಂಪ್ರದಾಯವೂ ಇತ್ತು: ನಮ್ಮ ಮನೆಯ ಹಿಟ್ಟನ್ನು ತೆಗೆದುಕೊಳ್ಳುತ್ತಿರಲಿಲ್ಲ.

ಯಾರೂ ಜಗಳ ಆಡುತ್ತಿರಲಿಲ್ಲ. ಊಟಕ್ಕೆ ಕೂರಿಸುತ್ತಿದ್ದರು, ಬೇಡವೆಂದರೂ ಇನ್ನೊಂದು ಮುದ್ದೆ ಇಡುತ್ತಿದ್ದರು. ಹಿಟ್ಟಿನ ಚೀಲ ಮುಂದೆ ಚಾಚಿದಾಗ ಮಾತ್ರ, ಒಲೆಯ ಉಸ್ತುವಾರಿಯಲ್ಲಿ ಇದ್ದವರು ಕೈ ಮುಗಿದು, "ನಿಮ್ಮನೇದು ಆಗ್ಲೇ ಬಂದಿದೆಯಲ್ಲ, ಹಗೇವಲ್ಲಿ" ಅನ್ನುತ್ತಿದ್ದರು. ಸುತ್ತ ನಿಂತವರು ನಗುತ್ತಿದ್ದರು. ನಾವೂ ನಗುತ್ತಿದ್ದೆವು, ನಗದಿದ್ದರೆ ಇನ್ನೂ ಜಾಸ್ತಿ ನಗುತ್ತಾರೆ ಎಂಬುದು ನಮ್ಮ ಮನೆತನ ಕಷ್ಟಪಟ್ಟು ಕಲಿತ ಪಾಠ.

ನಗದೆ ಇದ್ದವರು ಒಬ್ಬರೇ, ನನ್ನ ಸೋದರತ್ತೆ. ಶ್ರೀನಿವಾಸಪುರದ ಮಾವಿನ ತೋಟದವರ ಮನೆಗೆ ಮದುವೆಯಾಗಿ ಹೋದವರು. ಪ್ರತಿ ಆಗಸ್ಟ್ ಹದಿನೈದಕ್ಕೆ ತವರಿಗೆ ಬರುವರು. ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ, ಈಗ ಮೊಮ್ಮಗನ ಕಾರಿನಲ್ಲಿ. ಮಡಿಲಲ್ಲಿ ಒಂದು ಸೇರು ಹಿಟ್ಟು, ತಾವೇ ಬೀಸಿದ್ದು. ಸಾಲಿನಲ್ಲಿ ನಿಂತು ಚೀಲ ಚಾಚುವರು, ಬೇಡ ಅನ್ನಿಸಿಕೊಳ್ಳುವರು, ಊಟ ಮಾಡದೆ ಹಿಟ್ಟನ್ನು ವಾಪಸು ಕಟ್ಟಿಕೊಂಡು ಹೊರಟುಬಿಡುವರು. ಮರುವರ್ಷ ಮತ್ತೆ ಹಾಜರು. ಬ್ರಿಟಿಷರ ವಿರುದ್ಧ ಸತ್ಯಾಗ್ರಹ ಎಷ್ಟೋ ವರ್ಷ ನಡೆಯಿತು ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನಮ್ಮ ಅತ್ತೆಯದು ಅದಕ್ಕಿಂತ ದೀರ್ಘವಾದದ್ದು, ಮತ್ತು ಮುದ್ದೆಯ ವಾಸನೆ ಮೂಗಿಗೆ ಬಡಿಯುತ್ತಿರುವಾಗ ನಡೆಸಿದ್ದು.

ಈ ಎಲ್ಲದರ ಮೂಲಪುರುಷರು ಅತ್ತೆಯ ತಂದೆ, ನನ್ನ ತಾತ. ಖಾದಿ ಟೋಪಿಯ ಮನುಷ್ಯ. ಬ್ರಿಟಿಷರ ಬಟ್ಟೆ ಮುಟ್ಟರು, ಬ್ರಿಟಿಷರ ಚಹಾ ಕುಡಿಯರು, ಕೋಲಾರದ ಚಿನ್ನದ ಗಣಿಯ ಸೈರನ್ ಕೂಗು ಗಾಳಿಯಲ್ಲಿ ತೇಲಿ ಬಂದರೆ ಅದನ್ನು ಕೇಳಿ ಹೊತ್ತು ಗೊತ್ತು ಮಾಡಿಕೊಳ್ಳುವುದೂ ಗುಲಾಮಗಿರಿ ಎಂದು ಕಿವಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ. ಇಂಥವರು ತಮ್ಮ ಜೀವಮಾನದಲ್ಲಿ ಬ್ರಿಟಿಷರ ಒಂದೇ ಒಂದು ವಸ್ತುವನ್ನು ನಂಬಿದರು. ಅದು ಕೈಕೊಟ್ಟಿತು.

ನಡೆದದ್ದು ಇಷ್ಟು. ಎರಡನೇ ಮಹಾಯುದ್ಧದ ಕಾಲ. ನಮ್ಮದು ಮೈಸೂರು ಮಹಾರಾಜರ ಸೀಮೆಯ ಕಟ್ಟಕಡೆಯ ಅಂಚು. ಗಡಿ ದಾಟಿದರೆ ಬ್ರಿಟಿಷರ ನೇರ ಆಳ್ವಿಕೆಯ ಮದರಾಸು ಪ್ರಾಂತ್ಯ. ಗಡಿಯ ಎರಡೂ ಕಡೆ ತೆಲುಗು, ಎರಡೂ ಕಡೆ ರಾಗಿ, ಎರಡೂ ಕಡೆ ಒಂದೇ ಯುದ್ಧದ ಕಾಟ. ಎಲ್ಲೋ ಸಮುದ್ರದಾಚೆ ಯಾರೋ ಹೊಡೆದಾಡುತ್ತಿದ್ದರು, ಅದಕ್ಕೆ ನಮ್ಮ ಕಣದಲ್ಲಿ ಲೆವಿ ಎಂದು ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ರಾಗಿ ಅಳೆಯುತ್ತಿದ್ದರು. ಅಳೆಯಲು ಬಂದ ಅಧಿಕಾರಿ ಕಣದಲ್ಲಿ ಕಂಡದ್ದನ್ನು ಬರೆದುಕೊಂಡು, ಕಾಣದ್ದನ್ನು ಅಕ್ಕಪಕ್ಕದವರಿಂದ ಕೇಳಿ ತಿಳಿಯುತ್ತಿದ್ದ. ಅಲ್ಲಿಯವರೆಗೆ ನೆರೆಮನೆಯಲ್ಲಿ ಎಷ್ಟು ಮೂಟೆ ಇದೆ ಎಂದು ತಿಳಿದಿರುವುದು ನೆರೆಹೊರೆಯ ಲಕ್ಷಣವಾಗಿತ್ತು. ಲೆವಿ ಬಂದ ಮೇಲೆ ಅದೇ ತಿಳಿವಳಿಕೆ ಚಾಡಿ ಎನಿಸಿತು. ಯುದ್ಧದಿಂದ ನಮ್ಮೂರಿಗಾದ ದೊಡ್ಡ ನಷ್ಟ ರಾಗಿಯದಲ್ಲ; ರಾಗಿ ಮುಂದಿನ ಮಳೆಗೆ ಮತ್ತೆ ಬೆಳೆಯುತ್ತದೆ.

ಆಗ ಊರಿನವರು ಒಂದು ಉಪಾಯ ಮಾಡಿದರು. ಮನೆಮನೆಯಿಂದ ಪಾಲು ತಂದು, ಎಲ್ಲರ ರಾಗಿಯನ್ನೂ ಒಂದೇ ಹಗೇವಿನಲ್ಲಿ ಹಾಕಿ ಮುಚ್ಚಿಬಿಡುವುದು. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಗಟ್ಟಿ ನೆಲದಲ್ಲಿ ತೋಡಿ, ಒಳಗೆ ಬೆಂಕಿ ಹಾಕಿ ಒಣಗಿಸಿ, ರಾಗಿಹುಲ್ಲು ಹೊದಿಸಿ, ಕಾಳು ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ, ರಾಗಿ ಒಂದು ತಲೆಮಾರು ಕೆಡದೆ ಇರುತ್ತದೆ. ಊರಿನ ಹಗೇವಿಗೆ ಒಂದು ಕಟ್ಟಳೆಯೂ ಇತ್ತು. ರಾಗಿ ಎಲ್ಲರದು, ಗುರುತು ಒಬ್ಬನದು. ಜಾಗ ಗುರುತು ಹತ್ತದಂತೆ, ದೀಪವಿಲ್ಲದ ಕತ್ತಲಲ್ಲಿ ಸುತ್ತುಬಳಸಿನ ದಾರಿಯಲ್ಲಿ ಹೊರುವವರು ಹೊತ್ತು ಸುರಿದು ಹೋಗುವರು. ಬಾಯಿ ಮುಚ್ಚಿ, ಮೇಲೆ ಉತ್ತು, ಹುರುಳಿ ಬಿತ್ತಿ, ಜಾಗವನ್ನು ಹೊಲದಲ್ಲಿ ಕರಗಿಸುವುದು ಒಬ್ಬನ ಕೆಲಸ. ಅಳತೆ ಅವನ ತಲೆಯಲ್ಲಿ ಮಾತ್ರ. ಸಾಯುವಾಗ ಹಿರಿಯ ಮಗುವಿನ ಕಿವಿಯಲ್ಲಿ ಹೇಳಬೇಕು, ಅಷ್ಟೆ. ಅಧಿಕಾರಿ ಊರನ್ನೆಲ್ಲ ಹೆದರಿಸಿದರೂ ಗೊತ್ತಿಲ್ಲದ್ದನ್ನು ಯಾರು ತಾನೇ ಹೇಳಲು ಸಾಧ್ಯ? ಆ ಒಬ್ಬನನ್ನಾಗಿ ಊರು ನನ್ನ ತಾತನನ್ನು ಆರಿಸಿತು, ಸುಳ್ಳು ಹೇಳಲು ಬಾರದವರು ಎಂಬ ಕಾರಣಕ್ಕೆ.

ತಾತ ಗುರುತು ಇಟ್ಟುಕೊಂಡರು. ಮರ ಇಟ್ಟುಕೊಂಡರೆ ಕಡಿಯುತ್ತಾರೆ, ಬದು ಇಟ್ಟುಕೊಂಡರೆ ದಾಯಾದಿಗಳು ಒತ್ತುತ್ತಾರೆ. ರಸ್ತೆಯ ಪಕ್ಕದಲ್ಲಿ, ಮೈಸೂರನ್ನು ಬ್ರಿಟಿಷ್ ಕಮಿಷನರು ಆಳುತ್ತಿದ್ದ ಕಾಲದಲ್ಲಿ ನೆಟ್ಟ ಸರ್ಕಾರಿ ಮೈಲಿಕಲ್ಲು ನಿಂತಿತ್ತು, ಅಲುಗದೆ, ಗಂಭೀರವಾಗಿ, ಯಾರ ಪಕ್ಷಕ್ಕೂ ಸೇರದೆ. ಸಾಮ್ರಾಜ್ಯ ಬಿದ್ದೇ ಬೀಳುತ್ತದೆ ಎಂದು ತಾತ ದಿನಾ ಭಾಷಣ ಮಾಡುತ್ತಿದ್ದರು. ಅದು ನೆಟ್ಟ ಕಲ್ಲು ಬೀಳಬಹುದು ಎಂದು ಮಾತ್ರ ಅವರಿಗೆ ಹೊಳೆಯಲಿಲ್ಲ. ಆ ಕಲ್ಲಿನಿಂದ, ಬೆಟ್ಟದ ಮೇಲಿನ ಜೋಡಿಬಂಡೆಯ ಕಡೆಗೆ, ಎತ್ತು ಹೂಡಿ ನೀರೆತ್ತುವ ನಮ್ಮ ಕಪಿಲೆ ಬಾವಿಯ ಹಗ್ಗ ಎಷ್ಟು ಉದ್ದವೋ ಅಷ್ಟು ದೂರ. ಇದು ಅಳತೆ.

ಅದಾದ ಸ್ವಲ್ಪ ಕಾಲಕ್ಕೆ ತಾತ ತಾಲ್ಲೂಕು ಕಚೇರಿಯ ಮುಂದೆ ಬಾವುಟ ಹಿಡಿದು ನಿಂತು ಜೈಲಿಗೆ ಹೋದರು. ಬಿಡುಗಡೆಯಾಗಿ ಬಂದರು. ಯುದ್ಧ ಮುಗಿಯಿತು. ಹೇಗೋ ರಾಗಿ ಸಾಕಾಗುತ್ತಿತ್ತು, ಹಗೇವಿಗೆ ಕೈ ಹಾಕುವ ಪ್ರಸಂಗ ಬರಲಿಲ್ಲ. ಕೊನೆಗೆ ಸ್ವಾತಂತ್ರ್ಯ ಬಂದಾಗ ಊರೆಲ್ಲ ಸೇರಿ ತೀರ್ಮಾನಿಸಿತು: ಬ್ರಿಟಿಷರಿಂದ ಬಚ್ಚಿಟ್ಟ ರಾಗಿಯನ್ನು ಬ್ರಿಟಿಷರು ಹೋದ ದಿನ ಉಣ್ಣಬೇಕು. ಇದಕ್ಕಿಂತ ಒಳ್ಳೆಯ ಠರಾವು ನಮ್ಮೂರು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ತಾತ ನಸುಕಿನಲ್ಲಿ ಕಟ್ಟಳೆಯಂತೆ ಒಬ್ಬರೇ ಹೋಗಿ ಅಳೆದು, ಗೂಟ ನೆಟ್ಟು ಬಂದರು. ಊರು ತಮಟೆ ಬಡಿದುಕೊಂಡು ಹೋಗಿ ಅಗೆಯಿತು. ಮಣ್ಣು ಬಂತು. ಇನ್ನೂ ಅಗೆಯಿತು. ಇನ್ನೂ ಮಣ್ಣು ಬಂತು. ತಾತ ಮಾರನೆಯ ದಿನ ಮತ್ತೆ ಅಳೆದರು. ಸುತ್ತಲೂ ಒಂದೇ ಥರದ ಹೊಲಗಳು, ಕಣ್ಣಿನ ನೆನಪಿಗಿಂತ ಅವರು ಅಳತೆಯನ್ನೇ ನಂಬಿದರು; ಗೂಟ ಅದೇ ಜಾಗಕ್ಕೆ ಬಂತು. ತಮಟೆಯವರು ಮೆಲ್ಲಗೆ ಮನೆಗೆ ಹೋದರು. ಊರು ಆ ದಿನದ ಊಟವನ್ನು ಮನೆಗೊಂದು ಸೇರು ಹಿಟ್ಟು ಎತ್ತಿ ಮಾಡಿಕೊಂಡಿತು. ನಮ್ಮ ಮನೆಯದನ್ನು ಬೇಡ ಅಂದಿತು. ಗಡಿಯಾಚೆ ಕಳ್ಳಸಂತೆಯಲ್ಲಿ ಮಾರಿಕೊಂಡಿರಬೇಕು ಎಂದು ಕೆಲವರು, ಜೈಲಿನಲ್ಲಿ ಬಾಯಿ ಬಿಟ್ಟಿರಬೇಕು ಎಂದು ಕೆಲವರು ಅಂದರು. ನಮ್ಮದು 'ಹಗೇವು ನುಂಗಿದವರ ಮನೆ' ಆಯಿತು.

ಅಳತೆ ಏನು ಎಂದು ಊರು ಎಷ್ಟು ಕೇಳಿದರೂ ತಾತ ಹೇಳಲಿಲ್ಲ. ಕಟ್ಟಳೆ ಕಟ್ಟಳೆಯೇ. ಸಾಯುವಾಗ ಹಿರಿಯ ಮಗಳ ಕಿವಿಯಲ್ಲಿ ಹೇಳಿ ಹೋದರು. ಅತ್ತೆಗೆ ಆಗಿನ್ನೂ ಹೊಸದಾಗಿ ಮದುವೆಯಾಗಿತ್ತು. ಅವರ ಹಿಟ್ಟಿನ ಚೀಲದ ಯಾತ್ರೆ ಅಲ್ಲಿಂದ ಶುರು.

ನಾನು ಬೆಳೆದು ಸರ್ವೆ ಇಲಾಖೆಗೆ ಸೇರಿದೆ. ಮಾಲೂರು ತಾಲ್ಲೂಕಿನಲ್ಲಿ, ಅದರಲ್ಲೂ ಮಾಸ್ತಿಯ ಕಡೆಯ ಹೊಲಗಳಲ್ಲಿ, ಸರಪಳಿ ಎಳೆದು ಎಳೆದು ಅರ್ಧ ಆಯುಸ್ಸು ಕಳೆದೆ. ಸರ್ಕಾರಿ ಕಲ್ಲನ್ನು ನಂಬುವುದು ನಮ್ಮ ವಂಶವೃತ್ತಿ ಎನ್ನಬೇಕು. ಕೆಲಸ ಸಿಕ್ಕಿದ ವರ್ಷವೇ ಅತ್ತೆ ಕಟ್ಟಳೆ ಮುರಿದು ನನಗೆ ಅಳತೆ ಹೇಳಿದರು. ನಾನು ಇಲಾಖೆಯ ಗಾಂಭೀರ್ಯದಿಂದ ಮೈಲಿಕಲ್ಲಿನಿಂದ ಸರಪಳಿ ಹಿಡಿದೆ, ಅಗೆಸಿದೆ, ನಾನೂ ಮಣ್ಣು ನೋಡಿದೆ. ಎದುರುಮನೆಯವನು ಬದುವಿನ ಮೇಲೆ ಕೂತು ಪೂರ್ತಿ ಕಾರ್ಯಕ್ರಮ ವೀಕ್ಷಿಸಿ, "ತಾತ ನುಂಗಿದ್ದು ಮೊಮ್ಮಗನ ಸರಪಳಿಗೆ ಸಿಕ್ತದೇನ್ಲಾ?" ಎಂದು ಎದ್ದು ಹೋದ.

ಈ ಎದುರುಮನೆಯವನ ಬಗ್ಗೆ ಎರಡು ಮಾತು. ನನ್ನ ಓರಗೆಯವನು, ಒಂದೇ ಬೆಂಚಿನಲ್ಲಿ ಕೂತವನು, ಟೊಮೇಟೊ ಬೆಳೆದು ಮೇಲೆ ಬಂದು ಜೆಸಿಬಿ ಇಟ್ಟಿದ್ದಾನೆ. ಆಗಸ್ಟ್ ಹದಿನೈದರ ಒಲೆ ಅವನ ಅಜ್ಜನ ಕಾಲದಿಂದ ಅವರ ಮನೆಯವರ ಉಸ್ತುವಾರಿ. ಅಂದರೆ ಅತ್ತೆಗೆ ಕೈ ಮುಗಿದು ಹಿಟ್ಟು ಬೇಡ ಅನ್ನುವ ಹಕ್ಕು ಅವನಿಗೆ ಪಿತ್ರಾರ್ಜಿತವಾಗಿ ಬಂದದ್ದು.

ಹೋದ ಬೇಸಿಗೆಯಲ್ಲಿ ನಮ್ಮೂರ ರಸ್ತೆ ಅಗಲ ಮಾಡಲು ಶುರುವಾಯಿತು. ಜೆಸಿಬಿ ಅವನದೇ. ನಾನು ನಿವೃತ್ತ ಸರ್ವೆಯವರು ಮಾಡುವ ಕೆಲಸ ಮಾಡುತ್ತಿದ್ದೆ, ಅಂದರೆ ಇನ್ನೊಬ್ಬರ ಅಳತೆಯಲ್ಲಿ ತಪ್ಪು ಹುಡುಕುತ್ತ ಛತ್ರಿ ಹಿಡಿದು ನಿಂತಿದ್ದೆ. ಹಳೆಯ ಮೈಲಿಕಲ್ಲಿನಿಂದ ಎರಡು ಬದು ಆಚೆಗೆ ಜೆಸಿಬಿಯ ಬಕೆಟ್ಟಿಗೆ ಏನೋ ಗಟ್ಟಿಯಾಗಿ ತಗುಲಿತು. ಕೆದಕಿದರೆ ಗಾರೆ ಹಾಕಿದ ಪಾಯ, ಅದರ ನಡುವೆ ಮುರಿದ ಕಲ್ಲಿನ ಬುಡ. ಮೇಲಿನ ಭಾಗ ಇಲ್ಲ. ಚೌಕ ಮೈ, ಉಳಿಯ ಗುರುತು ಎಲ್ಲ ಥೇಟು ಮೈಲಿಕಲ್ಲಿನಂತೆ. ಎರಡು ಬದುವಿನ ಅಂತರದಲ್ಲಿ ಎರಡು ಮೈಲಿಕಲ್ಲು ನೆಡುವಷ್ಟು ಉದಾರಿಗಳಲ್ಲ ಬ್ರಿಟಿಷರು. ನಾನು ಛತ್ರಿ ಮಡಿಸಿದೆ.

ಶ್ರೀನಿವಾಸಪುರಕ್ಕೆ ಫೋನು ಮಾಡಿದೆ. ಮಾವಿನ ಸುಗ್ಗಿ, ಮಂಡಿಯ ತುಂಬ ಲಾರಿ, ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅತ್ತೆಯೇ ಎತ್ತಿಕೊಂಡರು. ನಾನು ಕಂಡದ್ದು ಹೇಳಿ, ಆ ಕಲ್ಲು ಯಾವತ್ತಾದರೂ ಬಿದ್ದಿತ್ತೇ ಎಂದು ಕೇಳಿದೆ.

"ಬಿಸ್ಕತ್ತು" ಅಂದರು ಅತ್ತೆ.

ಬಿಸ್ಕತ್ತಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ತಾತ ಜೈಲಿನಲ್ಲಿದ್ದಾಗ ಮಿಲಿಟರಿ ಲಾರಿಯೊಂದು ನಮ್ಮೂರ ಹತ್ತಿರ ರಸ್ತೆ ಬಿಟ್ಟು ಹಳ್ಳಕ್ಕೆ ಇಳಿದಿತ್ತು. ನೋಡಲು ಓಡಿದ ಮಕ್ಕಳಿಗೆ ಸಿಪಾಯಿಗಳು ಬಿಸ್ಕತ್ತು ಕೊಟ್ಟರು. ಜೈಲಿನಲ್ಲಿರುವ ದೇಶಭಕ್ತನ ಮಗಳು ಅದನ್ನು ತಿನ್ನಬಹುದೇ ಬಾರದೇ ಎಂದು ಅಳುತ್ತ ನಿಂತು, ಕೊನೆಗೆ ಅಳುತ್ತಲೇ ತಿಂದರು. ಇದು ಕತೆ. ಅತ್ತೆ ಇದನ್ನು ಹಬ್ಬಹಬ್ಬಕ್ಕೂ ಹೇಳಿದ್ದಾರೆ, ನಾವು ಹಬ್ಬಹಬ್ಬಕ್ಕೂ ನಕ್ಕಿದ್ದೇವೆ. ಲಾರಿ ಹಳ್ಳಕ್ಕೆ ಇಳಿಯುವ ಮೊದಲು ಏನನ್ನು ಗುದ್ದಿತು ಎಂದು ಯಾರೂ ಕೇಳಿರಲಿಲ್ಲ, ಬಿಸ್ಕತ್ತು ಅಷ್ಟು ರುಚಿಯಾಗಿತ್ತು. ಮುರಿದ ಕಲ್ಲಿನ ಬದಲು ಇನ್ನೊಂದು ನೆಡಲು ಬಂದ ರಸ್ತೆ ಕೂಲಿಯವರು, ಗಾರೆಯಲ್ಲಿ ಕಚ್ಚಿಕೊಂಡ ಹಳೆ ಬುಡವನ್ನು ಬಿಸಿಲಲ್ಲಿ ಯಾರು ಕೀಳುತ್ತಾರೆ ಎಂದು, ಎರಡು ಬದು ಈಚೆ, ಬೇವಿನ ಮರದ ನೆರಳಿನಲ್ಲಿ ಹೊಸ ಕಲ್ಲು ನೆಟ್ಟು ಹೋಗಿರಬೇಕು. ಅದನ್ನು ಕಂಡ ಊರಿಗೆ ಅಳತೆ ಗೊತ್ತಿರಲಿಲ್ಲ. ಅಳತೆ ಗೊತ್ತಿದ್ದ ತಾತ ಆಗ ಊರಿನಲ್ಲಿ ಇರಲಿಲ್ಲ.

ಅತ್ತೆ ಅಂದೇ ಮಾವಿನ ಕಾಯಿ ತುಂಬಿದ ಟೆಂಪೊದಲ್ಲಿ ಬಂದಿಳಿದರು. ಎದುರುಮನೆಯವನು ಬೇರೆ ಕಡೆ ಕೆಲಸ ಇದೆ ಎಂದು ಜೆಸಿಬಿ ತೆಗೆಯಲು ಹೊರಟಿದ್ದ. ನಾನು ಮುರಿದ ಬುಡದ ಮೇಲೆ ನಿಂತು ಜೋಡಿಬಂಡೆಯ ಕಡೆ ಕೈ ತೋರಿಸಿ, ವಿಷಯ ವಿವರಿಸಿದೆ. ಅವನು ನನ್ನ ಕೈ ತೋರುವ ದಿಕ್ಕನ್ನು ನೋಡಿದ. ಅವನ ಮುಖ ನಿಧಾನವಾಗಿ ಬದಲಾಯಿತು.

"ಅದು ನನ್ನ ತೋಟ ಕಣೋ" ಅಂದ.

ಹೌದು. ಹಳೆಯ ಹುರುಳಿ ಹೊಲವನ್ನು ಅವನ ಅಪ್ಪ ಕೊಂಡು ಮಾವು ಹಾಕಿದ್ದ. ಗೆರೆ ನೇರ ಅಲ್ಲಿಗೇ ಹೋಗುತ್ತಿತ್ತು. ಬೇಡ ಅಂದರೆ ನಾವು ಏನೂ ಮಾಡುವಂತಿರಲಿಲ್ಲ. ಅವನು ಬೇಡ ಅನ್ನಲಿಲ್ಲ. ಅಲ್ಲೂ ಮಣ್ಣೇ ಬಂದರೆ ಇನ್ನು ಮೇಲೆ ಈ ಮುದುಕಿ ಹಿಟ್ಟಿನ ಚೀಲ ಹಿಡಿದು ಬರುವುದು ನಿಲ್ಲಬೇಕು ಎಂದ. ಅತ್ತೆ, "ಸರೇ ರಾ, ಒಪ್ಪಿದೆ" ಅಂದರು. ನಾನು ತಡೆಯುವ ಮೊದಲೇ ಅಂದುಬಿಟ್ಟರು. ಒಂದು ಜೀವಮಾನದ ಯಾತ್ರೆಯನ್ನು ಒಂದು ಗುಂಡಿಗೆ ಪಣ ಇಟ್ಟಾಗಿತ್ತು.

ಇನ್ನು ಹಗ್ಗ. ಕಪಿಲೆ ಹೋಗಿ ಪಂಪ್‌ಸೆಟ್ಟು ಬಂದು, ಪಂಪ್‌ಸೆಟ್ಟು ಹೋಗಿ ಬೋರ್‌ವೆಲ್ಲು ಬಂದು ಎಷ್ಟೋ ಕಾಲವಾಗಿದೆ. ಹಗ್ಗ ಎಲ್ಲಿಂದ ತರುವುದು? ಅಂದಾಜಿನ ಲೆಕ್ಕದಲ್ಲಿ ಒಮ್ಮೆ ಸರಪಳಿ ಎಳೆದು ಮಣ್ಣು ಕಂಡವನು ನಾನು. ಮಾವಿನ ಮರದ ಕೆಳಗೆ ಕೂತು ಯೋಚಿಸಿದೆವು. ಹಗ್ಗ ಹೋಗಿದೆ, ಬಾವಿ ಇದೆ. ಬಾವಿಯ ಪಕ್ಕದಲ್ಲಿ ಕಪಿಲೆ ಎಳೆಯುವ ಎತ್ತುಗಳು ಇಳಿದು ಹತ್ತುತ್ತಿದ್ದ ಇಳಿಜಾರು, ಲಂಟಾನ ಬೆಳೆದುಕೊಂಡಿದ್ದರೂ, ಹಾಗೇ ಇದೆ. ಎತ್ತು ಮೇಲೆ ನಿಂತಾಗ ಚರ್ಮದ ಚೀಲ ಬಾವಿಯ ತಳದಲ್ಲಿ. ಎತ್ತು ಇಳಿಜಾರಿನ ತುದಿಗೆ ಹೋದಾಗ ಚೀಲ ದಡದಲ್ಲಿ. ಅಂದರೆ ಎತ್ತಿನ ದಾರಿ ಎಷ್ಟೋ ಹಗ್ಗವೂ ಅಷ್ಟೇ. ಇದು ನನಗೆ ಹೊಳೆಯಿತೋ ಅತ್ತೆಗೆ ಹೊಳೆಯಿತೋ ಎಂಬ ವಿಷಯದಲ್ಲಿ ನಮ್ಮಿಬ್ಬರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ. ಟೊಮೇಟೊ ತೋಟದ ಡ್ರಿಪ್ ಪೈಪು ತಂದು ಇಳಿಜಾರಿನ ಉದ್ದಕ್ಕೆ ಕತ್ತರಿಸಿದೆವು. ಪೈಪಿನ ಒಂದು ತುದಿಯನ್ನು ಸಾಮ್ರಾಜ್ಯದ ಬುಡದ ಮೇಲೆ ಅತ್ತೆ ಕಾಲಿನಿಂದ ಒತ್ತಿ ಹಿಡಿದರು. ಇನ್ನೊಂದು ತುದಿ ಎರಡು ಬಾದಾಮಿ ಮಾವಿನ ಮರಗಳ ನಡುವೆ ಹೋಗಿ ನಿಂತಿತು.

ಅಲ್ಲಿಗೆ ಜೆಸಿಬಿ ಬಂತು. ಜೆಸಿಬಿ ಅಗೆಯುವುದನ್ನು ನೋಡಲು ನಮ್ಮ ಜನಕ್ಕೆ ಆಹ್ವಾನ ಬೇಕಿಲ್ಲ, ಊರೇ ನೆರೆಯಿತು. ಮೊದಲ ಬಕೆಟ್ಟು ಮಣ್ಣು. ಎರಡನೆಯದೂ ಮಣ್ಣು. ಯಾರೋ ಹಿಂದಿನಿಂದ ಕೆಮ್ಮಿದರು. ಅತ್ತೆ ಸೆರಗು ಬಿಗಿದು ಹಾಗೇ ನಿಂತಿದ್ದರು. ಮುಂದಿನ ಸಲ ಬಕೆಟ್ಟು ಇಳಿದಾಗ ಬಂದದ್ದು ಬೇರೆ ಸದ್ದು, ಕಲ್ಲಿನದು, ಕೆಳಗೆ ಟೊಳ್ಳು ಇರುವ ಕಲ್ಲಿನದು. ಎದುರುಮನೆಯವನು ತಾನೇ ಯಂತ್ರದಿಂದ ಇಳಿದು, ಕೈಯಿಂದ ಮಣ್ಣು ಸರಿಸಿದ. ಚಪ್ಪಡಿ. ಅಂಚಿಗೆ ಮೆತ್ತಿದ ಮಣ್ಣಿನಲ್ಲಿ ಬೆರಳ ಗುರುತು ಹಾಗೇ ಉಳಿದಿತ್ತು, ತಾತನವು.

ಚಪ್ಪಡಿ ಎತ್ತಿದ ಕೂಡಲೇ ಜೆಸಿಬಿಯ ಹುಡುಗರು ಫೋನಿನ ಟಾರ್ಚು ಹಾಕಿ ಇಳಿಯಲು ಮುಂದಾದರು. ಅತ್ತೆ ಒಬ್ಬನ ಅಂಗಿ ಹಿಡಿದು ಎಳೆದರು.

"ಫೋನಿನ ಬೆಳಕು ಉಸಿರಾಡಲ್ಲ ಕಣೋ. ಎಣ್ಣೆ ದೀಪ ತಗೊಂಡು ಬಾ."

ಹಗೇವಿನೊಳಗೆ ಕೂಡಿದ ಕೆಟ್ಟ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ದೀಪ ಇಳಿಬಿಟ್ಟು ನೋಡದೆ ಇಳಿಯಬಾರದು. ಲಾಟೀನು ಹುಡುಕಲು ಊರೆಲ್ಲ ಅಲೆದು, ಕೊನೆಗೆ ಹಣತೆಯೊಂದನ್ನು ಬುಟ್ಟಿಯಲ್ಲಿಟ್ಟು ಇಳಿಬಿಟ್ಟರು. ಹೊಟ್ಟೆಯವರೆಗೆ ಹೋಗುವ ಮೊದಲೇ ನಂದಿತು. ಹುಡುಗರು ಹಿಂದೆ ಸರಿದರು. ಬಾಯಿ ತೆರೆದಿಟ್ಟು ಕಾದೆವು. ಮರುದಿನ ಬೆಳಿಗ್ಗೆ ಇಳಿಬಿಟ್ಟ ದೀಪ ತಳದವರೆಗೂ ಉರಿಯಿತು. ಆ ಬೆಳಕಿನಲ್ಲಿ ರಾಗಿ ಕಂಡಿತು. ಗೋಡೆಯ ಪಕ್ಕದ್ದು ಕಪ್ಪಾಗಿ ಗಟ್ಟಿಯಾಗಿತ್ತು. ನಡುವಿನದು ಮಾಸಿದ ಕೆಂಪು, ಬಿಡಿ ಬಿಡಿ ಕಾಳು. ಬುಟ್ಟಿ ಮೇಲೆ ಬಂದಾಗ ಜನ ಮೂಗು ಮುಚ್ಚಿಕೊಂಡು ಹತ್ತಿರ ಬಂದರು, ಮೂಗು ಮುಚ್ಚಿಕೊಂಡೇ ಒಂದೊಂದು ಹಿಡಿ ಮುಟ್ಟಿದರು. ಅದರಲ್ಲಿ ಪ್ರತಿಯೊಬ್ಬರ ಮನೆಯ ಪಾಲೂ ಇತ್ತು. ಯಾವ ಕಾಳು ಯಾರದು ಎಂದು ಕೇಳುವ ಅಧಿಕಾರಿ ಮಾತ್ರ ಇರಲಿಲ್ಲ.

ಎದುರುಮನೆಯವನು ತನ್ನ ತೋಟದ ನಡುವೆ, ತನ್ನ ಮರಗಳ ಕೆಳಗೆ, ತನ್ನ ಜೆಸಿಬಿಯ ಪಕ್ಕದಲ್ಲಿ, ಹೊರಗಿನವನ ಹಾಗೆ ನಿಂತಿದ್ದ. ನಮ್ಮ ಮನೆತನ ತಲೆಮಾರುಗಳಿಂದ ಕಾದಿದ್ದ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿದ್ದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅತ್ತೆ ನನ್ನನ್ನು ಒಂದು ಕೈಯಿಂದ ಹಿಂದೆ ಸರಿಸಿ ಅವನ ಹತ್ತಿರ ಹೋದರು.

"ಇಷ್ಟು ಕಾಲ ಕಾವಲು ಕಾದಿದೀರಲ್ಲಪ್ಪ, ಚೆನ್ನಾಗಿ ಕಾದಿದೀರಿ" ಅಂದರು.

ಅವನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಅಷ್ಟರಲ್ಲಿ ಊರೇ ನಗಲು ಶುರು ಮಾಡಿತು. ನಮ್ಮ ಅತ್ತೆ ಆ ಊರಿನಲ್ಲಿ ಹಗೇವಿನ ಮಾತಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೃಷಿ ಇಲಾಖೆಯವರಿಗೆ ತೋರಿಸಿದೆವು. ಹೆಚ್ಚು ತಿನ್ನಬೇಡಿ ಎಂದರು. ಕೋಳಿಗಳಿಗೆ ಹಾಕಿದೆವು, ಅವು ಇಲಾಖೆಯ ಅಭಿಪ್ರಾಯಕ್ಕೆ ಕಾಯಲಿಲ್ಲ. ಒಂದು ಹಿಡಿ ಬಿತ್ತಿಯೂ ನೋಡಿದೆ, ಒಂದೂ ಮೊಳೆಯಲಿಲ್ಲ. ಅತ್ತೆಗೆ ಹೇಳಿದರೆ, ಇಷ್ಟು ಕಾಲ ಉಸಿರು ಹಿಡಿದುಕೊಂಡಿತ್ತಲ್ಲ, ಸುಸ್ತಾಗಿದೆ ಬಿಡು ಅಂದರು. ಬಾವಿಯ ಪಕ್ಕದ ಲಂಟಾನವನ್ನು ಕಡಿಸಿದ್ದೇನೆ. ಮುರಿದ ಬುಡವನ್ನು ಕಿತ್ತು ಶಾಲೆಯ ಬಾವುಟದ ಕಂಬದ ಪಕ್ಕ ಹೂಳಿಸಿದೆವು. ಸಾಮ್ರಾಜ್ಯದ ಕಲ್ಲು ಕೊನೆಗೂ ಸರಿಯಾದ ಜಾಗಕ್ಕೆ ಬಂತು. ಅಲ್ಲಿಂದ ಎಲ್ಲಿಗೂ ಯಾವ ದೂರವನ್ನೂ ತೋರಿಸದಿದ್ದರೂ ಕೂರಲು ಅನುಕೂಲವಾಗಿದೆ.

ಆಗಸ್ಟ್ ಹದಿನೈದು ಬಂತು. ಬಾವುಟ ಏರಿತು, ಪೆಪ್ಪರಮೆಂಟು ಹಂಚಿಕೆ ಆಯಿತು, ಒಲೆ ಹೊತ್ತಿತು. ಕೊಪ್ಪರಿಗೆಯಲ್ಲಿ ನೀರು ಕುದಿಯುತ್ತಿದ್ದರೂ ಯಾರೂ ಹಿಟ್ಟು ಸುರಿಯಲಿಲ್ಲ. ಶ್ರೀನಿವಾಸಪುರದ ಕಾರು ತಡವಾಗಿ ಬಂತು. ಸಾಲಿನಲ್ಲಿ ನಿಂತಿದ್ದವರೆಲ್ಲ ಸರಿದು ದಾರಿ ಬಿಟ್ಟರು. ಅತ್ತೆ ಮಾತ್ರ ಸಾಲಿನ ಕೊನೆಗೇ ಹೋಗಿ ನಿಂತರು, ಅಭ್ಯಾಸ. ಎದುರುಮನೆಯವನು ಮುದ್ದೆ ತಿರುವುವ ಕೋಲು ಕೈಯಲ್ಲಿ ಹಿಡಿದೇ ಅಲ್ಲಿಗೆ ಬಂದ.

"ಅತ್ತಮ್ಮ, ಎಸರು ಕುದ್ದು ಕುದ್ದು ಅರ್ಧ ಆಯ್ತು. ಹಿಟ್ಟು ಕೊಡಿ."

ಚೀಲ ಬಿಚ್ಚಿದರು. ಹೊಸ ರಾಗಿಯ ಹಿಟ್ಟು, ತಾವೇ ಬೀಸಿದ್ದು. ಅದರೊಳಗೆ ಹಗೇವಿನ ರಾಗಿ ಒಂದು ಚಿಟಿಕೆ ಬೆರೆಸಿದ್ದರು. ಹಿಟ್ಟು ಎಸರಿಗೆ ಬಿತ್ತು. ಅದರ ಹಿಂದೆ ಊರಿನದೆಲ್ಲ ಬಿತ್ತು. ಎದುರುಮನೆಯವನು ಬೆವರು ಸುರಿಸಿ ತಿರುವಿದ. ಅತ್ತೆ ಊರಿನ ನಡುವೆ ಎಲೆಯ ಮುಂದೆ ಕೂತರು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು. ಹೇಗಿದೆ ಎಂದು ಎಲ್ಲರೂ ಕಾದು ನೋಡುತ್ತಿದ್ದರು.

"ಗಂಟು ಉಳಿದಿದೆ ಕಣೋ, ಸರಿಯಾಗಿ ತಿರುವೋದು ಕಲಿ" ಅಂದರು ಅತ್ತೆ ಎದುರುಮನೆಯವನಿಗೆ. ಎರಡನೆಯ ಮುದ್ದೆಗೆ ಎಲೆ ಒಡ್ಡಿದರು.